ಏಜೆನ್ಸಿ ಮಾಡಿದ ಕೆಲಸಕ್ಕೆ ಕಂಪನಿ ಹೊಣೆಯೇ?

ಪ್ರಶ್ನೆ: ನಾನು ಮಧ್ಯಮ ಗಾತ್ರದ ಕಂಪನಿಯೊಂದರ ಸಂವಹನ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಹೊಸ ಯೋಜನೆಗೆ ಅನುಮತಿ ಸಿಗುವ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಯಬೇಕು. ವಿರೋಧ ಸಾಕಷ್ಟಿದೆ. ನಮ್ಮ ಪಿಆರ್ (ಸಾರ್ವಜನಿಕ ಸಂಪರ್ಕ) ಏಜೆನ್ಸಿಯವರು, ಸಭೆಯಲ್ಲಿ ಜನಬೆಂಬಲ ಕಾಣುವಂತೆ ಮಾಡುವ ಜವಾಬ್ದಾರಿ ತಮ್ಮದು ಎಂದಿದ್ದಾರೆ. ಹೇಗೆ ಎಂದು ಕೇಳಿದರೆ "ಅದನ್ನು ನಮಗೆ ಬಿಡಿ" ಎನ್ನುತ್ತಾರೆ. ನಮ್ಮ ಹೆಸರು ಬರದಂತೆ ಪ್ರತಿಸ್ಪರ್ಧಿ ಕಂಪನಿಯ ಲೋಪಗಳನ್ನು ಪತ್ರಕರ್ತರಿಗೆ ತಲುಪಿಸುವ ಪ್ರಸ್ತಾಪವನ್ನೂ ಇಟ್ಟಿದ್ದಾರೆ. ನನ್ನ ಮೇಲಧಿಕಾರಿ, "ಏಜೆನ್ಸಿ ಮಾಡುವುದು ಏಜೆನ್ಸಿಯ ಜವಾಬ್ದಾರಿ, ನಮಗೆ ಗೊತ್ತಿಲ್ಲದಿದ್ದರೇ ಒಳ್ಳೆಯದು, ಇದೆಲ್ಲ ಎಲ್ಲರೂ ಮಾಡುವುದೇ" ಎಂದರು. ನಿಜವಾಗಿಯೂ ನಮ್ಮ ಹೊಣೆ ಎಷ್ಟು? ಈಗ ನಾನೇನು ಮಾಡಬೇಕು?

ಉತ್ತರ: ನೇರವಾಗಿ ಹೇಳಿಬಿಡುತ್ತೇನೆ. ಹೊಣೆ ಹೌದು. ಏಜೆನ್ಸಿಯ ಜೊತೆಗೆ ನೀವೂ ಹೊಣೆ, ಕೆಲವು ಸಲ ಏಜೆನ್ಸಿಗಿಂತ ಹೆಚ್ಚು. ನಿಮ್ಮ ಮೇಲಧಿಕಾರಿಯ ಮಾತಿನಲ್ಲಿ ನನಗೆ ಹೆಚ್ಚು ಆತಂಕ ತಂದದ್ದು "ನಮಗೆ ಗೊತ್ತಿಲ್ಲದಿದ್ದರೇ ಒಳ್ಳೆಯದು" ಎಂಬ ಭಾಗ. ಏಜೆನ್ಸಿ ನಮಗೆ ತಿಳಿಸದೆ ತಪ್ಪು ಮಾಡುವುದು ಒಂದು ಬಗೆ. ನಮಗೆ ತಿಳಿಯದೇ ಇರಲಿ ಎಂದು ನಾವೇ ಮೊದಲೇ ಏರ್ಪಾಡು ಮಾಡಿಕೊಳ್ಳುವುದು ಇನ್ನೊಂದು ಬಗೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು ಎಂಬ ಈ ಎರಡನೆಯ ಬಗೆಯಲ್ಲಿ ತಪ್ಪು ಹುಟ್ಟುವುದೇ ಕಂಪನಿಯ ಕಚೇರಿಯೊಳಗೆ. ಏಜೆನ್ಸಿ ಅದನ್ನು ಹೊರಗೆ ಕೊಂಡೊಯ್ಯುತ್ತದೆ, ಅಷ್ಟೆ.

ನಿಮ್ಮ ಪರಿಸ್ಥಿತಿಯನ್ನು ಓದುತ್ತಿದ್ದಂತೆ ನನಗೆ ನೆನಪಾದದ್ದು ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ಒಂದು ಪ್ರಕರಣ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನೀವು ನಿಂತಿರುವ ಜಾಗದಲ್ಲೇ ಅಲ್ಲಿಯೂ ಯಾರೋ ಒಬ್ಬರು ನಿಂತಿದ್ದರು.

ಎಂಟರ್ಜಿ ಎಂಬ ವಿದ್ಯುತ್ ಕಂಪನಿ ಅಲ್ಲಿ ಅನಿಲದಿಂದ ನಡೆಯುವ ಹೊಸ ವಿದ್ಯುತ್ ಸ್ಥಾವರ ಕಟ್ಟಲು ಹೊರಟಿತ್ತು. ಅನುಮತಿ ಕೊಡಬೇಕಾದದ್ದು ನಗರಸಭೆ. ಸ್ಥಾವರ ಬರಲಿದ್ದ ಬಡಾವಣೆಯವರು, ಪರಿಸರದ ಬಗ್ಗೆ ಕಾಳಜಿಯುಳ್ಳವರು ವಿರೋಧಿಸುತ್ತಿದ್ದರು. 2017ರ ಅಕ್ಟೋಬರ್ ಮತ್ತು 2018ರ ಫೆಬ್ರುವರಿಯ ಸಭೆಗಳಿಗೆ ಕಿತ್ತಳೆ ಬಣ್ಣದ ಟೀ ಶರ್ಟ್ ತೊಟ್ಟವರ ದೊಡ್ಡ ಗುಂಪು ಬಂದು ಕುಳಿತಿತು. ಸ್ಥಾವರದ ಪರ ಯಾರಾದರೂ ಮಾತನಾಡಿದರೆ ಚಪ್ಪಾಳೆ ತಟ್ಟಿದರು. ಅವರಲ್ಲೇ ಕೆಲವರು ಮೈಕಿನ ಮುಂದೆ ಬಂದು ಸ್ಥಾವರ ಬೇಕು ಎಂದರು. ಮಾರ್ಚ್‌ನಲ್ಲಿ ಅನುಮತಿ ಸಿಕ್ಕಿತು. ಮೇ ತಿಂಗಳಲ್ಲಿ ದಿ ಲೆನ್ಸ್ ಎಂಬ ಸ್ಥಳೀಯ ಸುದ್ದಿ ಸಂಸ್ಥೆ ಆ ಗುಂಪಿನಲ್ಲಿದ್ದ ಹಲವರು ಬಾಡಿಗೆ ನಟರು ಎಂಬುದನ್ನು ಬಯಲಿಗೆ ತಂದಿತು. ಕುಳಿತು ಚಪ್ಪಾಳೆ ತಟ್ಟಿದವರಿಗೆ ತಲಾ 60 ಡಾಲರ್, ಬರೆದುಕೊಟ್ಟ ಮಾತನ್ನು ಒಪ್ಪಿಸಿದವರಿಗೆ 200 ಡಾಲರ್. ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ಅವರಿಂದ ಸಹಿಯನ್ನೂ ಹಾಕಿಸಿಕೊಳ್ಳಲಾಗಿತ್ತು.

ಎಂಟರ್ಜಿ ನಟರಿಗೆ ನೇರವಾಗಿ ದುಡ್ಡು ಕೊಟ್ಟಿರಲಿಲ್ಲ. ಹಾಥಾರ್ನ್ ಗ್ರೂಪ್ ಎಂಬ ಪಿಆರ್ ಸಂಸ್ಥೆಯನ್ನು ನೇಮಿಸಿಕೊಂಡಿತ್ತು. ಆ ಸಂಸ್ಥೆ ಕೆಲಸವನ್ನು ಕ್ರೌಡ್ಸ್ ಆನ್ ಡಿಮಾಂಡ್ ಎಂಬ ಇನ್ನೊಂದು ಸಂಸ್ಥೆಗೆ ಉಪಗುತ್ತಿಗೆ ಕೊಟ್ಟಿತು. ನಟರನ್ನು ಕರೆತಂದದ್ದು ಆ ಮೂರನೆಯವರು. ಸುದ್ದಿ ಹೊರಬಿದ್ದಾಗ ಕಂಪನಿ ಕೊಟ್ಟ ಉತ್ತರ ನಿಮ್ಮ ಮೇಲಧಿಕಾರಿಯ ಬಾಯಲ್ಲಿ ಈಗಾಗಲೇ ಸಿದ್ಧವಾಗಿರುವ ಉತ್ತರವೇ: ಉಪಗುತ್ತಿಗೆ ಕೊಟ್ಟದ್ದು ನಮಗೆ ತಿಳಿದಿರಲಿಲ್ಲ, ನಾವು ಒಪ್ಪಿಗೆ ಕೊಟ್ಟಿರಲಿಲ್ಲ. ನಗರಸಭೆ ಸ್ವತಂತ್ರ ತನಿಖೆ ಮಾಡಿಸಿತು. ತನಿಖೆಗಾರರು ಇಮೇಲ್, ಮೊಬೈಲ್ ಸಂದೇಶ, ಒಪ್ಪಂದ ಎಲ್ಲವನ್ನೂ ತೆಗೆಸಿ ನೋಡಿ ಬರೆದದ್ದು: ಕಂಪನಿಗೆ ಇದು ಗೊತ್ತಿತ್ತು, ಇಲ್ಲವೇ ಗೊತ್ತಿರಲೇಬೇಕಿತ್ತು. ನಗರಸಭೆ 50 ಲಕ್ಷ ಡಾಲರ್ ದಂಡ ಹಾಕಿತು. ದಂಡ ಬಿದ್ದದ್ದು ಕಂಪನಿಯ ಮೇಲೆ.

ಸಂವಹನ ವಿಭಾಗದವರ ಜೊತೆ ಈ ಪ್ರಕರಣ ಚರ್ಚಿಸುವಾಗ ಎಲ್ಲರೂ ಮೊದಲು ನಟರ ಬಗ್ಗೆ ಮಾತಾಡುತ್ತಾರೆ. ನಾನು ಅವರ ಗಮನವನ್ನು ಕೆಲಸದ ಆದೇಶದ ಕಡೆಗೆ ತಿರುಗಿಸುತ್ತೇನೆ. ಸಭೆಗೆ ಇಷ್ಟು ಜನ ಬೆಂಬಲಿಗರು ಬರಬೇಕು, ಅವರಲ್ಲಿ ಇಷ್ಟು ಜನ ಮಾತನಾಡಬೇಕು ಎಂದು ತಲೆ ಲೆಕ್ಕದಲ್ಲಿ ಕೆಲಸ ಒಪ್ಪಿಸಲಾಗಿತ್ತು. ಒಂದು ಯೋಜನೆಯನ್ನು ಜನ ವಿರೋಧಿಸುತ್ತಿರುವಾಗ, ಕೆಲವೇ ವಾರಗಳ ಗಡುವಿನಲ್ಲಿ, ಇಂತಿಷ್ಟು ತಲೆಗೆ ಇಂತಿಷ್ಟು ಹಣ ಎಂದು ಹೇಳಿದರೆ, ಆ ಗುರಿಯನ್ನು ಪ್ರಾಮಾಣಿಕವಾಗಿ ಮುಟ್ಟುವ ದಾರಿ ಯಾವುದಾದರೂ ಉಳಿಯುತ್ತದೆಯೇ? ಉಳಿಯದಿದ್ದರೆ, ಮೋಸ ಮಾಡಿ ಎಂದು ಯಾರೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಗುರಿ, ಗಡುವು, ಹಣ ಈ ಮೂರೂ ಸೇರಿ ಹೇಳಿಬಿಟ್ಟಿರುತ್ತವೆ. ಪಿಆರ್ ಕೆಲಸದಲ್ಲಿ ಕಂಪನಿಯ ಹೊಣೆಯನ್ನು ಅಳೆಯಲು ನಾನು ಮೊದಲು ನೋಡುವುದು ಇದನ್ನೇ. ಯಾರು ಸುಳ್ಳು ಹೇಳಿದರು ಎಂಬುದು ಆಮೇಲಿನ ಮಾತು. ಸುಳ್ಳು ಹೇಳದೆ ಪೂರೈಸಲಾಗದ ಗುರಿಯನ್ನು ಯಾರು ಇಟ್ಟರು?

ಇದೇ ಕಣ್ಣಿನಿಂದ ಇನ್ನೊಂದು ಪ್ರಕರಣ ನೋಡಿ. 2017ರಲ್ಲಿ ಅಮೆರಿಕದ ದೂರಸಂಪರ್ಕ ಆಯೋಗ ಎಫ್‌ಸಿಸಿ ನೆಟ್ ನ್ಯೂಟ್ರಾಲಿಟಿ ನಿಯಮಗಳನ್ನು, ಅಂದರೆ ಅಂತರ್ಜಾಲ ಸೇವೆ ಕೊಡುವ ಕಂಪನಿಗಳು ಎಲ್ಲ ಜಾಲತಾಣಗಳನ್ನೂ ಸಮನಾಗಿ ಕಾಣಬೇಕೆಂಬ ನಿಯಮಗಳನ್ನು, ತೆಗೆದುಹಾಕುವ ಮೊದಲು ಸಾರ್ವಜನಿಕರ ಅಭಿಪ್ರಾಯ ಕೇಳಿತು. 2.2 ಕೋಟಿಗೂ ಹೆಚ್ಚು ಅಭಿಪ್ರಾಯಗಳು ಬಂದವು. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ ಕಚೇರಿ 2021ರ ಮೇನಲ್ಲಿ ಕೊಟ್ಟ ವರದಿಯ ಪ್ರಕಾರ ಅವುಗಳಲ್ಲಿ ಸುಮಾರು 1.8 ಕೋಟಿ ನಕಲಿ. ನಿಯಮ ರದ್ದಾಗಲಿ ಎಂದು ಬಯಸಿದ ಬ್ರಾಡ್‌ಬ್ಯಾಂಡ್ ಉದ್ಯಮ 42 ಲಕ್ಷ ಡಾಲರ್ ಖರ್ಚು ಮಾಡಿ 85 ಲಕ್ಷಕ್ಕೂ ಹೆಚ್ಚು ಅಭಿಪ್ರಾಯಗಳನ್ನು ಹಾಕಿಸಿತ್ತು. ಉಡುಗೊರೆ ಕಾರ್ಡಿನ ಆಸೆ ತೋರಿಸಿ ಜನರ ಒಪ್ಪಿಗೆ ಪಡೆಯುತ್ತೇವೆ ಎಂದು ಹೇಳಿಕೊಂಡ ಗುತ್ತಿಗೆ ಸಂಸ್ಥೆಗಳು, ಒಪ್ಪಿಗೆಯ ಗೋಜಿಗೇ ಹೋಗದೆ ಸಿಕ್ಕಿದ ಹೆಸರು ವಿಳಾಸ ಹಾಕಿ ಕಳಿಸಿದ್ದವು. ಇನ್ನೊಂದು ಪಾಳಯವೂ ಚೊಕ್ಕವಾಗಿರಲಿಲ್ಲ. ನಿಯಮ ಉಳಿಯಲಿ ಎಂದ ನಕಲಿ ಅಭಿಪ್ರಾಯಗಳಲ್ಲಿ 77 ಲಕ್ಷ ಒಬ್ಬನೇ ಕಾಲೇಜು ವಿದ್ಯಾರ್ಥಿಯ ಕೈಚಳಕ.

ದಂಡ ಯಾರಿಗೆ ಬಿತ್ತು? ಹೆಸರುಗಳನ್ನು ಸೃಷ್ಟಿಸಿದ ಮೂರು ಗುತ್ತಿಗೆ ಸಂಸ್ಥೆಗಳಿಗೆ, ಒಟ್ಟು 44 ಲಕ್ಷ ಡಾಲರ್. ಹಣ ಕೊಟ್ಟವರಿಗೆ ವಂಚನೆ ನೇರವಾಗಿ ತಿಳಿದಿತ್ತು ಎಂಬುದಕ್ಕೆ ಸಾಕ್ಷ್ಯ ಸಿಗಲಿಲ್ಲ. ಆದರೆ ಅನುಮಾನ ಪಡಲು ಕಾರಣಗಳು ಕಣ್ಣೆದುರೇ ಇದ್ದರೂ ಅವರು ಲಕ್ಷಿಸಲಿಲ್ಲ ಎಂದು ವರದಿ ಸ್ಪಷ್ಟವಾಗಿ ಬರೆಯಿತು. ನನಗೆ ಇದು ಅನ್ಯಾಯವೆಂದೇ ತೋರುತ್ತದೆ. ಕಾನೂನು ಏಣಿಯ ಕೊನೆಯ ಮೆಟ್ಟಿಲಲ್ಲಿ ನಿಂತವನನ್ನು ಹಿಡಿಯಿತು, ಮೇಲೆ ನಿಂತು ಏಣಿ ಇಳಿಬಿಟ್ಟವರನ್ನು ಬಿಟ್ಟಿತು. ನಿಮ್ಮ ಮೇಲಧಿಕಾರಿ ಈ ಉದಾಹರಣೆ ಹಿಡಿದು "ನೋಡಿ, ಗೊತ್ತಿಲ್ಲದಿದ್ದವರು ಪಾರಾದರು" ಎನ್ನಬಹುದು. ಕಾನೂನಿನಿಂದ ಪಾರಾದದ್ದು ನಿಜ. ಆದರೆ ತಮ್ಮ ಹೆಸರಿನಲ್ಲಿ, ತಾವು ಹೇಳದ ಮಾತನ್ನು ಸರ್ಕಾರಿ ಕಡತದಲ್ಲಿ ಕಂಡ ಲಕ್ಷಾಂತರ ಜನರಿಗೆ ಆದ ಅನ್ಯಾಯ ಅದರಿಂದ ಕಡಿಮೆಯಾಗಲಿಲ್ಲ. ತೀರಿಕೊಂಡವರ ಹೆಸರಿನಲ್ಲೂ ಅಭಿಪ್ರಾಯ ಹೋಗಿತ್ತು. ತಂದೆಯನ್ನೋ ತಾಯಿಯನ್ನೋ ಕಳೆದುಕೊಂಡವರು ಆ ಪಟ್ಟಿಯಲ್ಲಿ ಅವರ ಹೆಸರು ನೋಡಿದಾಗ, ಇದು ಯಾವ ಉಪಗುತ್ತಿಗೆದಾರನ ಕೆಲಸ ಎಂಬ ವಿವರಣೆ ಅವರಿಗೆ ಯಾವ ಸಮಾಧಾನ ಕೊಟ್ಟೀತು?

ಇದಲ್ಲದೆ ಕಾನೂನೂ ನಿಂತಲ್ಲೇ ನಿಂತಿಲ್ಲ. ನಕಲಿ ವಿಮರ್ಶೆಗಳ ಬಗ್ಗೆ ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ವ್ಯಾಪಾರ ಆಯೋಗ ಎಫ್‌ಟಿಸಿ 2024ರಲ್ಲಿ ತಂದ ನಿಯಮದಲ್ಲಿ, ದುಡ್ಡು ಕೊಟ್ಟು ಪಡೆದ ವಿಮರ್ಶೆ ಸುಳ್ಳೆಂದು ಕಂಪನಿಗೆ ಗೊತ್ತಿದ್ದರೆ ಮಾತ್ರವಲ್ಲ, ಗೊತ್ತಿರಬೇಕಾಗಿತ್ತು ಎಂದಾದರೂ ಅದು ತಪ್ಪೇ. ಐರೋಪ್ಯ ಒಕ್ಕೂಟದಲ್ಲಿ ವ್ಯಾಪಾರಿಯೊಬ್ಬ ಗ್ರಾಹಕನ ವೇಷ ಹಾಕುವುದು 2005ರಿಂದಲೇ ನಿಷಿದ್ಧ ವ್ಯವಹಾರಗಳ ಪಟ್ಟಿಯಲ್ಲಿದೆ. ಮಾನವ ಹಕ್ಕುಗಳ ವಿಷಯದಲ್ಲಿ ಉದ್ಯಮಗಳ ಹೊಣೆ ಕುರಿತು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿ 2011ರಲ್ಲಿ ಒಪ್ಪಿದ ಮಾರ್ಗದರ್ಶಿ ತತ್ವಗಳು, ಕಂಪನಿ ತಾನೇ ಮಾಡಿದ ಹಾನಿಯ ಜೊತೆಗೆ ತಾನು ಕಾರಣವಾದ ಹಾನಿಯನ್ನೂ, ತನ್ನ ವ್ಯವಹಾರ ಸಂಬಂಧಗಳ ಮೂಲಕ ತನಗೆ ನೇರವಾಗಿ ಅಂಟಿದ ಹಾನಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತವೆ. ನಿಮ್ಮ ಪಿಆರ್ ಏಜೆನ್ಸಿ ಅಂಥ ವ್ಯವಹಾರ ಸಂಬಂಧವೇ.

ಇನ್ನು ನಿಮ್ಮ ಎರಡನೆಯ ವಿಷಯ, ಹೆಸರು ಮುಚ್ಚಿಟ್ಟು ಪ್ರತಿಸ್ಪರ್ಧಿಯ ಬಗ್ಗೆ ಪತ್ರಕರ್ತರಿಗೆ ಮಾಹಿತಿ ಕೊಡುವುದು. ಇದು ಮೊದಲನೆಯದರಷ್ಟು ಕಪ್ಪು-ಬಿಳುಪಾಗಿ ಕಾಣುವುದಿಲ್ಲ. ಮಾಹಿತಿ ನಿಜವಾಗಿದ್ದರೆ ತಪ್ಪೇನು ಎಂದು ನೀವು ಕೇಳಬಹುದು.

2011ರ ಮೇನಲ್ಲಿ ಬರ್ಸನ್-ಮಾರ್ಸ್ಟೆಲರ್ ಎಂಬ ದೊಡ್ಡ ಪಿಆರ್ ಸಂಸ್ಥೆಯ ಸಿಬ್ಬಂದಿ, ಗೂಗಲ್‌ನ ಒಂದು ಸೌಲಭ್ಯ ಬಳಕೆದಾರರ ಖಾಸಗಿತನಕ್ಕೆ ಧಕ್ಕೆ ತರುತ್ತದೆ ಎಂದು ಪತ್ರಕರ್ತರಿಗೂ ಬರಹಗಾರರಿಗೂ ಹೇಳಿಕೊಂಡು ತಿರುಗಿದರು. ಖಾಸಗಿತನದ ಬಗ್ಗೆ ಸಂಶೋಧನೆ ಮಾಡುತ್ತಿದ್ದ ಕ್ರಿಸ್ಟೋಫರ್ ಸೊಘೋಯನ್ ಅವರಿಗೂ ಒಂದು ಇಮೇಲ್ ಹೋಯಿತು: ಇದರ ಬಗ್ಗೆ ನೀವು ಲೇಖನ ಬರೆಯಿರಿ, ಬರೆಯಲೂ ನೆರವಾಗುತ್ತೇವೆ, ಪ್ರಕಟಿಸಲೂ ನೆರವಾಗುತ್ತೇವೆ. ಅವರು ವಾಪಸ್ ಕೇಳಿದ್ದು ಒಂದೇ ಪ್ರಶ್ನೆ, ಇದಕ್ಕೆ ದುಡ್ಡು ಕೊಡುತ್ತಿರುವವರು ಯಾರು? ಉತ್ತರ ಕೊಡಲು ಸಂಸ್ಥೆ ಒಪ್ಪಲಿಲ್ಲ. ಅವರು ಇಡೀ ಇಮೇಲ್ ವಿನಿಮಯವನ್ನು ಅಂತರ್ಜಾಲದಲ್ಲಿ ಹಾಕಿಬಿಟ್ಟರು. ಕೆಲವೇ ದಿನಗಳಲ್ಲಿ ಕ್ಲೈಂಟ್ ಯಾರೆಂದು ಬಯಲಾಯಿತು, ಫೇಸ್‌ಬುಕ್. ತಮ್ಮ ಹೆಸರು ಹೇಳಬೇಡಿ ಎಂದು ಕ್ಲೈಂಟ್ ಕೇಳಿಕೊಂಡಿದ್ದರು, ಅಂಥ ಷರತ್ತಿನ ಕೆಲಸವನ್ನು ನಾವು ಒಪ್ಪಲೇಬಾರದಿತ್ತು ಎಂದು ಆಮೇಲೆ ಪಿಆರ್ ಸಂಸ್ಥೆಯೇ ಹೇಳಿಕೆ ಕೊಟ್ಟಿತು. ಫೇಸ್‌ಬುಕ್, ಅಪಪ್ರಚಾರಕ್ಕೆ ನಾವು ಒಪ್ಪಿಗೆ ಕೊಟ್ಟಿರಲಿಲ್ಲ ಎಂದಿತು.

ಇಲ್ಲಿ ಮಾಹಿತಿ ನಿಜವೋ ಸುಳ್ಳೋ ಎಂಬುದನ್ನು ಒಂದು ಕ್ಷಣ ಪಕ್ಕಕ್ಕಿಡೋಣ. ಓದುಗ ಒಂದು ಆರೋಪವನ್ನು ತೂಗುವಾಗ ಅದನ್ನು ಹೇಳುತ್ತಿರುವವರು ಯಾರು ಎಂಬುದನ್ನೂ ಜೊತೆಗೇ ತೂಗುತ್ತಾನೆ. ಖಾಸಗಿತನದ ಬಗ್ಗೆ ಕಾಳಜಿಯುಳ್ಳ ಸಂಶೋಧಕರು ಹೇಳಿದರೆ ಒಂದು ತೂಕ, ಅದೇ ಮಾರುಕಟ್ಟೆಯ ಎದುರಾಳಿ ಹೇಳಿದರೆ ಇನ್ನೊಂದು ತೂಕ. ಹೆಸರು ಮುಚ್ಚಿಟ್ಟಾಗ ನೀವು ಓದುಗನ ಕೈಯಿಂದ ಆ ತಕ್ಕಡಿಯನ್ನೇ ಕಿತ್ತುಕೊಳ್ಳುತ್ತೀರಿ.

ಪತ್ರಕರ್ತರು ಮೂಲಗಳ ಹೆಸರು ಮುಚ್ಚಿಡುವುದು ಉಂಟಲ್ಲ, ಎಂದು ಯಾರಾದರೂ ವಾದಿಸುತ್ತಾರೆ. ಎರಡೂ ಬೇರೆ. ತನ್ನ ಕಂಪನಿಯ ಅಕ್ರಮವನ್ನು ಹೊರಗೆ ಹೇಳುವ ನೌಕರನ ಹೆಸರನ್ನು ಪತ್ರಕರ್ತ ಮುಚ್ಚಿಡುವುದು ಅವನ ಕೆಲಸ, ಜೀವ ಉಳಿಯಲಿ ಎಂದು. ಅಲ್ಲಿಯೂ ಆತ ಯಾರೆಂದು ಪತ್ರಕರ್ತನಿಗೆ ಗೊತ್ತಿರುತ್ತದೆ. ಆತನ ಉದ್ದೇಶ ಏನಿರಬಹುದು ಎಂದು ತೂಗಿ ನೋಡಿಯೇ ಬರೆಯುತ್ತಾನೆ. ಪಿಆರ್ ಏಜೆನ್ಸಿ ಕ್ಲೈಂಟ್ ಹೆಸರನ್ನು ಪತ್ರಕರ್ತನಿಂದಲೇ ಮುಚ್ಚಿಟ್ಟರೆ ರಕ್ಷಣೆ ಸಿಗುವುದು ಬಲಾಢ್ಯನಿಗೆ, ಅದೂ ಪ್ರಶ್ನೆಗಳಿಂದ. ಹಾಗಾಗಿ ಪ್ರತಿಸ್ಪರ್ಧಿಯ ಉತ್ಪನ್ನದಲ್ಲಿ ನಿಜವಾಗಿಯೂ ಲೋಪವಿದೆ, ಜನರಿಗೆ ತಿಳಿಯಲೇಬೇಕು ಎಂದು ನಿಮ್ಮ ಕಂಪನಿಗೆ ಅನಿಸಿದರೆ, ದಾಖಲೆ ಸಮೇತ ನಿಮ್ಮ ಹೆಸರಿನಲ್ಲೇ ಹೇಳಿ. ಹೆಸರು ಹಾಕಿ ಹೇಳಲು ಧೈರ್ಯ ಬರುತ್ತಿಲ್ಲವಾದರೆ, ಆ ಹಿಂಜರಿಕೆಗೆ ಕಾರಣ ಏನು ಎಂದು ಕಂಪನಿಯೊಳಗೆ ಮೊದಲು ಚರ್ಚೆಯಾಗಲಿ.

ಅದೇ ಫೇಸ್‌ಬುಕ್ 2018ರಲ್ಲಿ ಮತ್ತೆ ಸುದ್ದಿಯಾಯಿತು. ಅದು ನೇಮಿಸಿಕೊಂಡಿದ್ದ ಡಿಫೈನರ್ಸ್ ಎಂಬ ಸಂಸ್ಥೆ, ಕಂಪನಿಯನ್ನು ಟೀಕಿಸುತ್ತಿದ್ದ ಗುಂಪುಗಳ ಹಿಂದೆ ಶ್ರೀಮಂತ ಹೂಡಿಕೆದಾರ ಜಾರ್ಜ್ ಸೊರೋಸ್ ಅವರ ಹಣವಿದೆಯೇ ನೋಡಿ ಎಂದು ಪತ್ರಕರ್ತರಿಗೆ ಟಿಪ್ಪಣಿ ಹಂಚಿದ್ದನ್ನು ನವೆಂಬರ್‌ನಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿತು. ಕಂಪನಿ ಕೂಡಲೇ ಆ ಸಂಸ್ಥೆಯ ಒಪ್ಪಂದ ಮುರಿದುಕೊಂಡಿತು. ಪತ್ರಿಕೆಯಲ್ಲಿ ಓದುವವರೆಗೆ ತನಗೆ ತಿಳಿದಿರಲಿಲ್ಲ ಎಂದರು ಕಂಪನಿಯ ಮುಖ್ಯಸ್ಥ ಮಾರ್ಕ್ ಜುಕರ್‌ಬರ್ಗ್. ಅವರ ನಂತರದ ಸ್ಥಾನದಲ್ಲಿದ್ದ ಶೆರಿಲ್ ಸ್ಯಾಂಡ್‌ಬರ್ಗ್ ಕೂಡ ಮೊದಲು ತಮಗೆ ಗೊತ್ತಿರಲಿಲ್ಲ ಎಂದರು. ಆ ಸಂಸ್ಥೆಯ ಹೆಸರಿದ್ದ ಕೆಲವು ಇಮೇಲ್‌ಗಳು ತಮಗೆ ಬಂದಿದ್ದವು ಎಂದು ವಾರದೊಳಗೆ ಒಪ್ಪಿಕೊಂಡರು. ಕೊನೆಗೆ ಸಂವಹನ ವಿಭಾಗದ ಮುಖ್ಯಸ್ಥರಾಗಿದ್ದ ಎಲಿಯಟ್ ಶ್ರೇಜ್, ನೇಮಿಸಿಕೊಂಡ ಹೊಣೆ ತಮ್ಮದು ಎಂದು ಬರೆದುಕೊಟ್ಟರು. ಗಮನಿಸಿ, ಹೊಣೆ ಹೊತ್ತು ನಿಲ್ಲಬೇಕಾಗಿ ಬಂದದ್ದು ನಿಮ್ಮ ವಿಭಾಗದಂಥ ವಿಭಾಗವೇ. "ನಮಗೆ ಗೊತ್ತಿಲ್ಲದಿದ್ದರೇ ಒಳ್ಳೆಯದು" ಎನ್ನುವಾಗ ಆ "ನಮಗೆ" ಎಂಬುದರಲ್ಲಿ ಸಾಮಾನ್ಯವಾಗಿ ನೀವು ಸೇರಿರುವುದಿಲ್ಲ.

ಏಜೆನ್ಸಿಗಳ ಬಗ್ಗೆಯೂ ಹೇಳಬೇಕು. ನಿಮ್ಮ ಹೊಣೆ ದೊಡ್ಡದು ಎಂದಾಕ್ಷಣ ಅವರದು ಸಣ್ಣದಾಗುವುದಿಲ್ಲ. ಈ ಕ್ಷೇತ್ರದಲ್ಲಿ ಪದೇ ಪದೇ ಕೇಳಿಬರುವ ಸಮರ್ಥನೆ ವಕೀಲರ ಹೋಲಿಕೆ: ಎಂಥವರಿಗೂ ನ್ಯಾಯಾಲಯದಲ್ಲಿ ವಕೀಲರು ಇರುವ ಹಾಗೆ, ಎಂಥವರಿಗೂ ಸಾರ್ವಜನಿಕರ ಮುಂದೆ ತಮ್ಮ ಪಕ್ಷ ಹೇಳಿಕೊಳ್ಳಲು ಪಿಆರ್ ಇರಬೇಕು. ತಮ್ಮ ಪಕ್ಷ ಹೇಳಿಕೊಳ್ಳುವ ಹಕ್ಕು ಎಲ್ಲರಿಗೂ ಇದೆ, ಅದನ್ನು ನಾನೂ ಒಪ್ಪುತ್ತೇನೆ. ಆದರೆ ನ್ಯಾಯಾಲಯದಲ್ಲಿ ವಕೀಲರು ಯಾರ ಪರ ನಿಂತಿದ್ದಾರೆ ಎಂದು ನ್ಯಾಯಾಧೀಶರಿಗೆ ಗೊತ್ತು. ಎದುರು ಪಕ್ಷದ ವಕೀಲರು ಅಲ್ಲೇ ಕುಳಿತಿರುತ್ತಾರೆ, ಪಾಟೀಸವಾಲು ಮಾಡುತ್ತಾರೆ. ಸುಳ್ಳು ಸಾಕ್ಷಿ ತಂದು ನಿಲ್ಲಿಸಿದರೆ ಶಿಕ್ಷೆಯಿದೆ. ಯಾರ ಪರ ಎಂದು ಹೇಳದೆ, ಎದುರಾಳಿಗೆ ತಿಳಿಯದಂತೆ ನಡೆಯುವ ಪ್ರಚಾರಕ್ಕೆ ಈ ಹೋಲಿಕೆ ಹೊಂದುವುದೇ ಇಲ್ಲ.

ಹೋಲಿಕೆ ಸಡಿಲವಾಗಲು ಇನ್ನೊಂದು ಕಾರಣವಿದೆ. ಏಜೆನ್ಸಿ ಬರೀ ಕ್ಲೈಂಟ್ ಹೇಳಿದ್ದನ್ನು ಹೇಳುವ ಬಾಯಿಯಾಗಿರುವುದು ಕಡಿಮೆ. ಎಷ್ಟೋ ಸಲ ತಂತ್ರ ಹುಟ್ಟುವುದೇ ಅಲ್ಲಿ. ಸಿಗರೇಟು ಮತ್ತು ಕ್ಯಾನ್ಸರ್ ನಂಟಿನ ಬಗ್ಗೆ ಸಂಶೋಧನೆಗಳು ಹೊರಬಂದಾಗ ಅಮೆರಿಕದ ತಂಬಾಕು ಕಂಪನಿಗಳ ಮುಖ್ಯಸ್ಥರು 1953ರ ಡಿಸೆಂಬರ್‌ನಲ್ಲಿ ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಸೇರಿ ಹಿಲ್ ಅಂಡ್ ನೌಲ್ಟನ್ ಎಂಬ ಪಿಆರ್ ಸಂಸ್ಥೆಯ ನೆರವು ಪಡೆದರು. ಸಂಶೋಧನೆಯನ್ನು ನೇರವಾಗಿ ಅಲ್ಲಗಳೆಯುವ ಬದಲು "ನಾವೂ ಸಂಶೋಧನೆ ಮಾಡಿಸುತ್ತೇವೆ" ಎಂದು ಉದ್ಯಮದ್ದೇ ಒಂದು ಸಂಶೋಧನಾ ಸಮಿತಿ ಕಟ್ಟುವ ದಾರಿ ತೋರಿಸಿದ್ದು ಆ ಸಂಸ್ಥೆ. 1954ರ ಜನವರಿ 4ರಂದು 400ಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಪೂರ್ಣಪುಟದ ಹೇಳಿಕೆ ಬಂತು: ಜನರ ಆರೋಗ್ಯಕ್ಕಿಂತ ನಮಗೆ ಬೇರೆ ಯಾವುದೂ ಮುಖ್ಯವಲ್ಲ ಎಂಬ ಧಾಟಿಯಲ್ಲಿ. ಇನ್ನೂ ಖಚಿತವಾಗಿಲ್ಲ, ಸಂಶೋಧನೆ ನಡೆಯುತ್ತಿದೆ ಎಂಬ ಆ ಒಂದು ಮಾತು ದಶಕಗಳ ಕಾಲ ಜನರನ್ನು ಸೇದುವಂತೆ ಉಳಿಸಿತು. ಕಂಪನಿಗಳು ಜನರನ್ನು ವಂಚಿಸಿದವು ಎಂದು ಅಮೆರಿಕದ ನ್ಯಾಯಾಧೀಶೆ ಗ್ಲಾಡಿಸ್ ಕೆಸ್ಲರ್ ತೀರ್ಪು ಕೊಟ್ಟದ್ದು 2006ರಲ್ಲಿ. ಆ ಮೊಕದ್ದಮೆಯಲ್ಲಿ ಪ್ರತಿವಾದಿಗಳಾಗಿದ್ದವರು ತಂಬಾಕು ಕಂಪನಿಗಳು ಮತ್ತು ಅವು ಕಟ್ಟಿಕೊಂಡ ಸಂಘಗಳು. ಉಪಾಯ ಹೇಳಿಕೊಟ್ಟವರು ಆ ಪಟ್ಟಿಯಲ್ಲಿರಲಿಲ್ಲ. ಅರ್ಧ ಶತಮಾನದಲ್ಲಿ ಎಷ್ಟು ಜೀವ ಹೋಯಿತು ಎಂದು ಯೋಚಿಸಿದರೆ, "ನಾವು ಬರೀ ಸಲಹೆ ಕೊಟ್ಟೆವು" ಎಂಬ ಮಾತು ನನಗೆ ಇಂದಿಗೂ ಗಂಟಲಲ್ಲಿ ಇಳಿಯುವುದಿಲ್ಲ.

ವೃತ್ತಿ ಸಂಘಟನೆಗಳ ನೀತಿಸಂಹಿತೆಗಳು ಇಲ್ಲವೇ ಎಂದರೆ, ಇವೆ, ಬೇಕಾದಷ್ಟು. ಅಂತಾರಾಷ್ಟ್ರೀಯ ಪಿಆರ್ ಸಂಘಟನೆ 1965ರಲ್ಲೇ ಅಥೆನ್ಸ್ ಸಂಹಿತೆಯನ್ನು ಒಪ್ಪಿಕೊಂಡಿತ್ತು. ಆದರೆ ಸಂಘಟನೆಯ ಕೈಯಲ್ಲಿರುವ ದೊಡ್ಡ ಶಿಕ್ಷೆ ಎಂದರೆ ಸದಸ್ಯತ್ವ ಕಿತ್ತುಕೊಳ್ಳುವುದು. ಏಜೆನ್ಸಿ ನಡೆಸಲು ಪರವಾನಗಿ ಬೇಕಿಲ್ಲದ ಕಡೆ, ಹೊರಹಾಕಿದರೂ ಅದು ಬಾಗಿಲು ಮುಚ್ಚಬೇಕಾಗಿಲ್ಲ. ಈ ಮಾತಿಗೆ ಅಪವಾದದಂತೆ ಕಾಣುವುದು ಬ್ರಿಟನ್ನಿನ ಬೆಲ್ ಪಾಟಿಂಜರ್ ಎಂಬ ಪಿಆರ್ ಸಂಸ್ಥೆ. ದಕ್ಷಿಣ ಆಫ್ರಿಕಾದ ಉದ್ಯಮಿ ಗುಪ್ತಾ ಕುಟುಂಬದ ಓಕ್‌ಬೇ ಸಂಸ್ಥೆಗೆ ತಿಂಗಳಿಗೆ 1 ಲಕ್ಷ ಪೌಂಡ್ ಶುಲ್ಕಕ್ಕೆ ಕೆಲಸ ಮಾಡುತ್ತಿದ್ದ ಈ ಸಂಸ್ಥೆ, ಕ್ಲೈಂಟ್ ಮೇಲಿದ್ದ ಭ್ರಷ್ಟಾಚಾರದ ಆರೋಪಗಳಿಂದ ಜನರ ಗಮನ ತಪ್ಪುವಂತೆ ಅಲ್ಲಿನ ಜನಾಂಗೀಯ ಗಾಯವನ್ನು ಕೆದಕುವ ಪ್ರಚಾರ ನಡೆಸಿತು. ವರ್ಣಭೇದ ನೀತಿ ಕೊನೆಗೊಂಡು ಕಾಲು ಶತಮಾನವೂ ಆಗದ ನಾಡಿನಲ್ಲಿ! ಬ್ರಿಟನ್ನಿನ ಪಿಆರ್ ಸಂಘಟನೆ ಪಿಆರ್‌ಸಿಎ 2017ರ ಸೆಪ್ಟೆಂಬರ್‌ನಲ್ಲಿ ಅದನ್ನು ಕನಿಷ್ಠ 5 ವರ್ಷಗಳಿಗೆ ಹೊರಹಾಕಿತು. ಕೆಲವೇ ದಿನಗಳಲ್ಲಿ ಸಂಸ್ಥೆ ದಿವಾಳಿ ಪ್ರಕ್ರಿಯೆಯ ಆಡಳಿತಾಧಿಕಾರಿಗಳ ಕೈಗೆ ಹೋಗಿ ಮುಗಿದೇಹೋಯಿತು. ಅದನ್ನು ಮುಗಿಸಿದ್ದು ಉಚ್ಚಾಟನೆಯೊಂದೇ ಅಲ್ಲ, ಬೇರೆ ಕ್ಲೈಂಟ್‌ಗಳು ಒಬ್ಬೊಬ್ಬರಾಗಿ ಕೈಬಿಟ್ಟದ್ದು. ನನ್ನ ಮಟ್ಟಿಗೆ ಈ ಪ್ರಕರಣದಲ್ಲಿ ಕಂಪನಿಗಳು ಕಲಿಯಬೇಕಾದದ್ದು ಇಲ್ಲಿದೆ. ಏಜೆನ್ಸಿಗಳನ್ನು ನೆಟ್ಟಗೆ ನಡೆಸುವ ಶಕ್ತಿ ಸಂಹಿತೆಗಿಂತ ಹೆಚ್ಚಾಗಿ ಅವರಿಗೆ ಹಣ ಕೊಡುವ ನಿಮ್ಮಂಥವರ ಕೈಯಲ್ಲಿದೆ. ಆ ಶಕ್ತಿ ಇದ್ದವರಿಗೆ ಹೊಣೆಯೂ ಇದೆ.

"ಎಲ್ಲರೂ ಮಾಡುವುದೇ" ಎಂಬ ಮಾತಿಗೆ ಹೆಚ್ಚು ಹೇಳುವುದಿಲ್ಲ. ಕಳ್ಳನಿಗೊಂದು ಪಿಳ್ಳೆ ನೆವ. ಎಲ್ಲರೂ ಮಾಡುವುದಿಲ್ಲ, ಮಾಡದವರು ಸುದ್ದಿಯಾಗುವುದಿಲ್ಲ, ಅಷ್ಟೆ.

ಹಾಗಾದರೆ ಸಭೆಗೆ ಬೆಂಬಲಿಗರನ್ನು ಕರೆತರುವುದೇ ತಪ್ಪೇ? ಅಲ್ಲ. ನಿಮ್ಮ ಯೋಜನೆಯಿಂದ ಕೆಲಸ ಸಿಗಬಹುದೆಂದು ಕಾಯುತ್ತಿರುವವರು ಇರುತ್ತಾರೆ, ನಿಜವಾಗಿಯೂ ಅದು ಬೇಕೆನ್ನುವವರು ಇರುತ್ತಾರೆ. ಅವರಿಗೆ ಸಭೆಯ ದಿನಾಂಕ ತಿಳಿಸಿ, ಯೋಜನೆಯ ವಿವರ ಕೊಡಿ. ದೂರದಿಂದ ಬರುವವರಿಗೆ ವಾಹನ ಮಾಡಿಕೊಟ್ಟರೂ ಅಡ್ಡಿಯಿಲ್ಲ, ಮಾಡಿಕೊಟ್ಟವರು ನೀವೆಂದು ಮುಚ್ಚಿಡಬೇಡಿ. ನಿಮ್ಮ ನೌಕರರು ಬಂದು ಮಾತನಾಡಲಿ, ತಾವು ನೌಕರರೆಂದು ಹೇಳಿ ಮಾತನಾಡಲಿ. ಅವರಿಗೆ ಮಾತು ಬರೆದುಕೊಡಬೇಡಿ. ತಾಂತ್ರಿಕ ವಿವರದ ಟಿಪ್ಪಣಿ ಕೊಡುವುದಕ್ಕೂ, "ನಾನು ಈ ಬಡಾವಣೆಯ ಸಾಮಾನ್ಯ ನಾಗರಿಕ" ಎಂದು ಶುರುವಾಗುವ ಭಾಷಣ ಕೊಡುವುದಕ್ಕೂ ಬಹಳ ಅಂತರವಿದೆ. ಬಂದವರು ಹತ್ತೇ ಜನವಾದರೆ ನಿಮ್ಮ ಬೆಂಬಲ ಹತ್ತೇ ಜನರದ್ದು. ಅನುಮತಿ ಕೊಡುವವರಿಗೆ ತಿಳಿಯಬೇಕಾದದ್ದೂ ಅದೇ ಸಂಖ್ಯೆ. ನ್ಯೂ ಆರ್ಲಿಯನ್ಸಿನ ಫೆಬ್ರುವರಿ ಸಭೆಯಲ್ಲಿ ಕೋಣೆ ತುಂಬಿದೆ ಎಂದು ಹೇಳಿ ವಿರೋಧಿಸಲು ಬಂದ ಕೆಲವು ನಿವಾಸಿಗಳನ್ನು ಒಳಗೆ ಬಿಡಲಿಲ್ಲ. ಬಾಡಿಗೆಗೆ ಬಂದವರು ಕುಳಿತ ಕುರ್ಚಿ, ಆ ಸ್ಥಾವರದ ಪಕ್ಕದಲ್ಲೇ ಮುಂದೆ ಬದುಕಬೇಕಾದವರ ಕುರ್ಚಿ.

ಈಗ ನೀವು ಮಾಡಬಹುದಾದದ್ದು. ಏಜೆನ್ಸಿಗೆ ಇವತ್ತೇ ಒಂದು ಇಮೇಲ್ ಬರೆಯಿರಿ, ಫೋನಿನಲ್ಲಿ ಬೇಡ. ಸಭೆಗೆ ಜನರನ್ನು ಹೇಗೆ ಸಂಪರ್ಕಿಸುತ್ತೀರಿ, ಅವರಿಗೆ ಹಣ ಅಥವಾ ಬೇರೆ ಯಾವುದೇ ಪ್ರತಿಫಲ ಇದೆಯೇ, ಈ ಕೆಲಸದ ಯಾವುದೇ ಭಾಗವನ್ನು ಬೇರೆಯವರಿಗೆ ವಹಿಸುತ್ತೀರಾ, ವಹಿಸಿದರೆ ಯಾರಿಗೆ, ಪತ್ರಕರ್ತರನ್ನು ಸಂಪರ್ಕಿಸುವಾಗ ನಮ್ಮ ಹೆಸರು ಹೇಳುತ್ತೀರಾ ಎಂದು ಕೇಳಿ. ಸಭ್ಯವಾಗಿ, ಅನುಮಾನದ ಧ್ವನಿಯಿಲ್ಲದೆ ಕೇಳಿ. ಸರಿಯಾಗಿ ಕೆಲಸ ಮಾಡುವ ಏಜೆನ್ಸಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ, ಒಂದು ಗಂಟೆಯಲ್ಲಿ ಉತ್ತರ ಬರೆದುಬಿಡುತ್ತದೆ.

ಒಪ್ಪಂದ ತೆಗೆದು ನೋಡಿ. ನಿಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಉಪಗುತ್ತಿಗೆ ಕೊಡಬಾರದು, ಕಂಪನಿಯ ಪಾತ್ರ ಮುಚ್ಚಿಟ್ಟು ಯಾರನ್ನೂ ಸಂಪರ್ಕಿಸಬಾರದು, ಕೆಲಸದ ದಾಖಲೆ ನೋಡುವ ಹಕ್ಕು ನಿಮಗಿದೆ ಎಂಬ ಮೂರು ಅಂಶ ಇಲ್ಲದಿದ್ದರೆ ಕಾನೂನು ವಿಭಾಗದಿಂದ ಸೇರಿಸಿಸಿ. ಇನ್‌ವಾಯ್ಸ್ ಕೂಡ ಗಮನಿಸಿ. "ಸಮುದಾಯ ಸಂಪರ್ಕ", "ಇತರೆ ಸೇವೆಗಳು" ಎಂದು ದೊಡ್ಡ ಮೊತ್ತದ ಒಂದೇ ಸಾಲು ಕಂಡರೆ ಅದರ ಒಡೆದ ಲೆಕ್ಕ ಕೇಳಿ. ನಾನು ನೋಡಿದ ಮಟ್ಟಿಗೆ, ಯೋಜನೆಯ ಕಾಗದದಲ್ಲಿ ಎಲ್ಲೂ ಕಾಣದ ಸಂಗತಿ ಬಿಲ್ಲಿನಲ್ಲಿ ಕಂಡುಬಿಡುತ್ತದೆ, ಏಕೆಂದರೆ ಮೂರನೆಯವರಿಗೆ ಕೊಟ್ಟ ಹಣವನ್ನು ಏಜೆನ್ಸಿ ಎಲ್ಲೋ ಒಂದು ಕಡೆ ಬರೆದುಕೊಳ್ಳಲೇಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಕೆಲಸದ ಆದೇಶದಲ್ಲಿ ತಲೆ ಲೆಕ್ಕದ ಗುರಿ ಇದ್ದರೆ ಅದನ್ನು ತೆಗೆಸಿ. ಎಷ್ಟು ನಿವಾಸಿಗಳನ್ನು ಭೇಟಿಯಾದರು, ಅವರು ಏನೇನು ಆಕ್ಷೇಪ ಹೇಳಿದರು ಎಂಬ ವರದಿಯನ್ನೇ ಗುರಿಯಾಗಿಸಿ. ಅದು ಕಂಪನಿಗೆ ಉಪಯೋಗಕ್ಕೂ ಬರುತ್ತದೆ.

ಮೇಲಧಿಕಾರಿಯ ಜೊತೆ ನೈತಿಕತೆಯ ವಾದಕ್ಕೆ ಇಳಿಯುವ ಮೊದಲು "ಗೊತ್ತಿತ್ತು, ಇಲ್ಲವೇ ಗೊತ್ತಿರಲೇಬೇಕಿತ್ತು" ಎಂಬ ತನಿಖಾ ವರದಿಯ ಮಾತನ್ನೂ ಆ 50 ಲಕ್ಷ ಡಾಲರನ್ನೂ ಅವರ ಮುಂದಿಡಿ. ಬಹಳಷ್ಟು ಮಂದಿ ಕೆಟ್ಟವರಲ್ಲ; ಗೊತ್ತಿಲ್ಲದಿದ್ದರೆ ಸುರಕ್ಷಿತ ಎಂದು ಯಾರೋ ಹೇಳಿಕೊಟ್ಟದ್ದನ್ನು ನಂಬಿರುತ್ತಾರೆ. ಆಮೇಲೂ ಅವರು ಮುಂದುವರಿಯಿರಿ ಎಂದರೆ, ಆ ಸೂಚನೆಯನ್ನು ಬರವಣಿಗೆಯಲ್ಲಿ ಕೊಡಲು ಕೇಳಿ, ಕಾನೂನು ವಿಭಾಗಕ್ಕೆ ಪ್ರತಿ ಕಳಿಸಿ. ಕಿರಿಯ ಹುದ್ದೆಯಲ್ಲಿದ್ದುಕೊಂಡು ಇದನ್ನು ಮಾಡುವುದು ಸುಲಭವಲ್ಲ ಎಂದು ನನಗೆ ಗೊತ್ತು, ಕೆಲಸಕ್ಕೆ ಕುತ್ತು ಬರಬಹುದೆಂಬ ನಿಮ್ಮ ಭಯ ಸುಳ್ಳೂ ಅಲ್ಲ. ಆದರೆ ನಾಳೆ ತನಿಖೆ ಬಂದರೆ ಮೊದಲು ತೆಗೆಯುವುದು ನಿಮ್ಮ ವಿಭಾಗದ ಇಮೇಲ್‌ಗಳನ್ನು. ನೀವು ಕೇಳಿದ ಪ್ರಶ್ನೆ ಅಲ್ಲಿರಬೇಕು.

ಒಂದು ವೇಳೆ ಏಜೆನ್ಸಿ ಈಗಾಗಲೇ ಏನಾದರೂ ಮಾಡಿಬಿಟ್ಟಿದ್ದರೆ, ತಿಳಿದ ಕ್ಷಣದಿಂದ ನಿಮ್ಮ ಹೊಣೆ ಇನ್ನೂ ಹೆಚ್ಚುತ್ತದೆ. 2009ರಲ್ಲಿ ಅಮೆರಿಕದ ಸಂಸತ್ತಿನಲ್ಲಿ ಹವಾಮಾನ ಮಸೂದೆ ಮತಕ್ಕೆ ಬರುವ ಮುನ್ನ, ಕಲ್ಲಿದ್ದಲು ಉದ್ಯಮದ ಸಂಘಟನೆಯ ಪರವಾಗಿ ಉಪಗುತ್ತಿಗೆಯಲ್ಲಿ ಕೆಲಸ ಮಾಡುತ್ತಿದ್ದ ಬಾನರ್ ಎಂಬ ಸಂಸ್ಥೆಯಿಂದ, ನಾಗರಿಕ ಸಂಘಟನೆಗಳ ಲೆಟರ್‌ಹೆಡ್‌ನಲ್ಲಿ ಫೋರ್ಜರಿ ಪತ್ರಗಳು ಸಂಸದರಿಗೆ ಹೋದವು. ಅಲ್ಲಿಯೂ ನಡುವೆ ಇದ್ದದ್ದು ಅದೇ ಹಾಥಾರ್ನ್ ಗ್ರೂಪ್. ಮತದಾನಕ್ಕೆ ಮುಂಚೆಯೇ ಪತ್ರಗಳು ನಕಲಿ ಎಂದು ಉದ್ಯಮದ ಕಡೆಯವರಿಗೆ ತಿಳಿದಿತ್ತು. ಸಂಸದರಿಗೆ ತಿಳಿಸಿದ್ದು ಮತದಾನ ಮುಗಿದ ಮೇಲೆ. ಪತ್ರ ಫೋರ್ಜರಿ ಮಾಡಿದ್ದು ಯಾರೇ ಇರಲಿ, ಆ ಮೌನ ಅವರದ್ದೇ. ನಿಮಗೆ ಅಂಥ ಸ್ಥಿತಿ ಬಂದರೆ ಅಹವಾಲು ಸಭೆ ನಡೆಸುವ ಅಧಿಕಾರಿಗೆ ಸಭೆಗೆ ಮುಂಚೆಯೇ ತಿಳಿಸುವಂತೆ ಕಂಪನಿಯನ್ನು ಒತ್ತಾಯಿಸಿ.

ಸದ್ಯಕ್ಕೆ ಏಜೆನ್ಸಿಯ ಲಿಖಿತ ಉತ್ತರ ಕೈಗೆ ಬರುವವರೆಗೆ ಈ ಕೆಲಸದ ಪರ್ಚೇಸ್ ಆರ್ಡರ್‌ಗೆ ಸಹಿ ಆಗದಂತೆ ನೋಡಿಕೊಳ್ಳಿ. "ಅದನ್ನು ನಮಗೆ ಬಿಡಿ" ಎಂಬುದನ್ನೇ ಮತ್ತೆ ಬರೆದು ಕಳಿಸಿದರೆ, ಜನರನ್ನು ಸಂಪರ್ಕಿಸುವ ಕೆಲಸವನ್ನು ಅವರಿಂದ ವಾಪಸ್ ಪಡೆದು ನಿಮ್ಮ ಸಿಬ್ಬಂದಿಯಿಂದಲೇ ಮಾಡಿಸಿ.